ಸೀಮಂತಕ್ಕೂ ಬಾಣಂತನಕ್ಕೂ ನಡುವೆ: ಡೂಲಾ, ಸೂಲಗಿತ್ತಿ ಮತ್ತು ಹೆರಿಗೆ ಕೋಣೆಯ ಜೊತೆಗಾತಿ

ಕನ್ನಡದ ಮನೆಗಳಲ್ಲಿ ಬಸುರಿಯ ಸುತ್ತ ಹೆಂಗಸರ ಓಡಾಟ ಎರಡು ಸಲ ಜೋರಾಗುತ್ತದೆ: ಸೀಮಂತದಲ್ಲಿ ಒಮ್ಮೆ, ಬಾಣಂತನದಲ್ಲಿ ಇನ್ನೊಮ್ಮೆ. ಚೊಚ್ಚಲಿಗೆ ತವರಿಗೆ ಕರೆತರುವುದು, ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಮೆಣಸು ಬೆಳ್ಳುಳ್ಳಿಯ ಪಥ್ಯ ಇವೆಲ್ಲ ಇಂದಿಗೂ ಗಟ್ಟಿಯಾಗಿಯೇ ಉಳಿದಿವೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಹೋಗಿ ಇರುವ ಅಮ್ಮಂದಿರು ಈ ಏರ್ಪಾಟನ್ನು ಕಡಲಾಚೆಗೂ ಒಯ್ದಿದ್ದಾರೆ. ನೋವು ಶುರುವಾಗಿ ಕೂಸು ಹೊರಬರುವ ತನಕದ ಹೊತ್ತಿನಲ್ಲಿ ಮಾತ್ರ ಆಕೆಯ ಕಡೆಯವರು ಸಾಮಾನ್ಯವಾಗಿ ಬಾಗಿಲಾಚೆಯ ಬೆಂಚಿನ ಮೇಲಿರುತ್ತಾರೆ. ಇಂಥದೇ ತೆರವಿನಿಂದ ಬೇರೆ ದೇಶಗಳಲ್ಲಿ, ಹೆರುವವಳ ಪಕ್ಕದಲ್ಲಿದ್ದು ಆಸರೆಯಾಗುವ ಡೂಲಾ ಎಂಬ ಕಸುಬು ಹುಟ್ಟಿತು. ಆ ಜಾಗದಲ್ಲಿ ಯಾರು ಕೂತರೆ ಫಲ ಕಾಣುತ್ತದೆ, ಏಕೆ ಕಾಣುತ್ತದೆ ಎಂಬುದು ಈ ಲೇಖನದ ವಿಚಾರ.

ಈ ಬಗೆಯ ಹೆಸರಾಂತ ಮೊದಲ ಪ್ರಯೋಗ ನಡೆದದ್ದು ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ. ರಾಬರ್ಟೊ ಸೋಸಾ, ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್ ಮತ್ತು ಸಂಗಡಿಗರು 1980ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಹೆರಲು ಬಂದವಳು ಒಬ್ಬಳೇ ಒಳಹೋಗಬೇಕಿತ್ತು. ಸಂಶೋಧಕರು ಕೆಲವು ಚೊಚ್ಚಲ ಬಸುರಿಯರ ಬಳಿ, ಮೊದಲು ಮುಖ ಕಂಡಿರದ ಸಾಮಾನ್ಯ ಹೆಂಗಸೊಬ್ಬಳನ್ನು ಕೂರಿಸಿದರು. ಬೆನ್ನು ನೀವುವುದು, ಕೈ ಹಿಡಿಯುವುದು, ಮಾತಾಡಿಸುವುದು ಇಷ್ಟೇ ಅವಳ ಕೆಲಸ. ತೊಡಕಿಲ್ಲದೆ ಹೆತ್ತ ಇಪ್ಪತ್ತು ಮಂದಿ ಸಿಗಲು ಜೊತೆಗಾತಿಯಿದ್ದ ಗುಂಪಿಗೆ 33 ಜನರನ್ನು ಸೇರಿಸಿಕೊಂಡರೆ ಸಾಕಾಯಿತು. ಒಂಟಿಯಾಗಿ ಬಿಟ್ಟ ಗುಂಪಿಗೆ 103 ಜನ ಬೇಕಾದರು. ಹೆರಿಗೆಯ ಹೊತ್ತು ಮೊದಲ ಗುಂಪಿನಲ್ಲಿ ಸರಾಸರಿ ಒಂಬತ್ತು ಗಂಟೆಯೊಳಗೆ ಮುಗಿದರೆ, ಇನ್ನೊಂದರಲ್ಲಿ 19 ಗಂಟೆ ದಾಟಿತು. ಇಷ್ಟು ಸಣ್ಣ ಗುಂಪಿನಿಂದ ದೊಡ್ಡ ತೀರ್ಮಾನಕ್ಕೆ ಹಾರುವಂತಿಲ್ಲ, ನಿಜ. ಆದರೆ ಬೆನ್ನು ನೀವುವುದನ್ನು ಔಷಧಿಯಂತೆ ಅಳೆಯಬಹುದೆಂಬ ಧೈರ್ಯ ಬಂದದ್ದು ಇಲ್ಲಿಂದ.

ಕೆನೆಲ್, ಕ್ಲಾಸ್ ತಂಡ 1991ರಲ್ಲಿ ಪ್ರಕಟಿಸಿದ ಹ್ಯೂಸ್ಟನ್ ನಗರದ ಅಧ್ಯಯನ ಇನ್ನೂ ಸ್ವಾರಸ್ಯಕರ. ಹನ್ನೆರಡು ಹಾಸಿಗೆಗಳು ಒಟ್ಟಿಗಿದ್ದ ಸಾರ್ವಜನಿಕ ವಾರ್ಡು ಅದು; ನಮ್ಮ ಜಿಲ್ಲಾಸ್ಪತ್ರೆ ನೋಡಿದವರಿಗೆ ಅಪರಿಚಿತವಲ್ಲ. ಒಂದು ಗುಂಪಿನವರಿಗೆ ಡೂಲಾ ಸಿಕ್ಕಳು. ಇನ್ನೊಂದು ಗುಂಪಿನವರ ಬಳಿ ಒಬ್ಬಾಕೆ ದೂರ ಕೂತು, ತುಟಿ ಬಿಚ್ಚದೆ, ನಡೆದದ್ದನ್ನು ಬರೆದುಕೊಂಡಳು. ಮೂರನೆಯ ಗುಂಪಿಗೆ ಯಾರೂ ಇರಲಿಲ್ಲ. ಸಿಸೇರಿಯನ್ ಪ್ರಮಾಣ ಕ್ರಮವಾಗಿ ಶೇ. 8, 13 ಮತ್ತು 18. ಸಹಜವಾಗಿ ಹೆತ್ತವರ ಪೈಕಿ ನೋವು ತಗ್ಗಿಸುವ ಎಪಿಡ್ಯೂರಲ್ ಚುಚ್ಚುಮದ್ದು ಪಡೆದವರು ಶೇ. 7.8, 22.6 ಮತ್ತು 55.3. ಮೂರನೆಯ ಗುಂಪನ್ನು ಹೆರಿಗೆಯಾದ ಮೇಲೆ ಆರಿಸಿದ್ದರಿಂದ ಆ ಅಂಕಿಗಳನ್ನು ತುಸು ಎಚ್ಚರದಿಂದ ಓದಬೇಕು. ಆದರೂ ನಡುವಿನ ಗುಂಪು ನನ್ನನ್ನು ಕಾಡುತ್ತದೆ. ಮುಟ್ಟದ, ಮಾತಾಡದ ಹೆಂಗಸಿನಿಂದ ಎಪಿಡ್ಯೂರಲ್ ಬಳಕೆ ಅರ್ಧಕ್ಕಿಂತ ಕೆಳಗಿಳಿದದ್ದು ಹೇಗೆ? ಹೆದರಿಕೆ ಹೆಚ್ಚಾದಾಗ ಅಡ್ರಿನಲಿನ್ ಏರಿ ಗರ್ಭಕೋಶದ ಸಂಕೋಚನ ಸಡಿಲಗೊಳ್ಳುತ್ತದೆಂಬುದು ಒಂದು ವಿವರಣೆ. ಪಕ್ಕದಲ್ಲಿ ಒಂದು ಜೀವವಿದೆಯೆಂಬುದೇ ಹೆದರಿಕೆಯನ್ನು ತಗ್ಗಿಸಿರಬಹುದು. ಇನ್ನೊಂದು ವಿವರಣೆ ಅಷ್ಟು ಹಿತವಾದುದಲ್ಲ: ಹೊರಗಿನವಳೊಬ್ಬಳು ಬರೆದುಕೊಳ್ಳುತ್ತಿದ್ದಾಗ ಸಿಬ್ಬಂದಿಯ ನಡವಳಿಕೆಯೂ ಬದಲಾಗಿರಬಹುದು.

ಎರಡನೆಯ ವಿವರಣೆಯತ್ತ ನಾನು ವಾಲಲು ಕಾರಣ 2002ರಲ್ಲಿ ಎಲೆನ್ ಹಾಡ್ನೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಅಮೆರಿಕ ಮತ್ತು ಕೆನಡಾದ 13 ಆಸ್ಪತ್ರೆಗಳಲ್ಲಿ 6,915 ಹೆಂಗಸರು ಅದರಲ್ಲಿ ಪಾಲ್ಗೊಂಡರು. ಇಲ್ಲಿ ಜೊತೆಗಿದ್ದವರು ಅದಕ್ಕೆಂದೇ ತರಬೇತಿ ಪಡೆದ ಆಯಾ ಆಸ್ಪತ್ರೆಯ ನರ್ಸುಗಳು. ಸಿಸೇರಿಯನ್ ಪ್ರಮಾಣ ಅವರಿದ್ದ ಗುಂಪಿನಲ್ಲಿ ಶೇ. 12.5, ಇಲ್ಲದಿದ್ದಲ್ಲಿ 12.6. ಅಲ್ಲಿ ಗಂಡ ಅಥವಾ ಬಂಧುಗಳು ಒಳಗಿರುವುದು ಮೊದಲೇ ರೂಢಿಯಾಗಿತ್ತು, ಹಾಗಾಗಿ ಹೊಸ ಜೊತೆಯ ಪರಿಣಾಮ ಕಾಣಲಿಲ್ಲ ಎಂದೂ ವಾದಿಸಬಹುದು. ಆದರೆ ಬೋಟ್ಸ್‌ವಾನಾದಲ್ಲಿ 1999ರ ಪ್ರಯೋಗವೊಂದು 109 ಚೊಚ್ಚಲ ಬಸುರಿಯರಲ್ಲಿ ಕೆಲವರ ಪಕ್ಕ ಅವರದೇ ನೆಂಟಳೊಬ್ಬಳನ್ನು ಇರಗೊಟ್ಟಾಗ ಸಹಜ ಹೆರಿಗೆ ಶೇ. 71ರಿಂದ 91ಕ್ಕೇರಿತು. ತರಬೇತಿಯಿದ್ದ ನೌಕರಳಿಂದ ಆಗದ್ದು ತರಬೇತಿಯಿಲ್ಲದ ಚಿಕ್ಕಮ್ಮನಿಂದ ಆಯಿತು. 2017ರ ಕಾಕ್ರೇನ್ ಸಮೀಕ್ಷೆ 17 ದೇಶಗಳ 26 ಪ್ರಯೋಗಗಳನ್ನು, ಅಂದರೆ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಒಟ್ಟಿಗಿಟ್ಟು ನೋಡಿತು. ನಿರಂತರ ಜೊತೆಯಿದ್ದಲ್ಲಿ ಸಿಸೇರಿಯನ್ ಸಂಭವ ಸುಮಾರು ಕಾಲುಭಾಗ ತಗ್ಗಿತ್ತು. ಜೊತೆಗಾತಿ ಯಾರ ಸಂಬಳ ಉಣ್ಣುತ್ತಾಳೆ, ಯಾರ ಮುಲಾಜಿಗೆ ಒಳಗಾಗಿದ್ದಾಳೆ ಎಂಬುದು ಅವಳ ಪ್ರಮಾಣಪತ್ರಕ್ಕಿಂತ ಹೆಚ್ಚು ತೂಕದ ಸಂಗತಿ ಎಂದೇ ನಾನು ಇವನ್ನೆಲ್ಲ ಓದಿಕೊಳ್ಳುತ್ತೇನೆ.

ಕರ್ನಾಟಕದ ಮಟ್ಟಿಗೆ ಈ ಮಾತು ಸೂಲಗಿತ್ತಿಯ ಹತ್ತಿರ ಬಂದು ನಿಲ್ಲುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥವರ ಕಸುಬಿನಲ್ಲಿ ಎರಡು ಕೆಲಸಗಳು ಹೆಣೆದುಕೊಂಡಿದ್ದವು. ಮಗು ಹಿಡಿಯುವುದು, ಹೊಕ್ಕುಳಬಳ್ಳಿ ಕೊಯ್ಯುವುದು, ಕಸ ಬೀಳಿಸುವುದು ಒಂದು. ಬೇನೆ ತಿನ್ನುತ್ತಿರುವವಳ ಸೊಂಟ ನೀವುತ್ತ, ಗದರುತ್ತ, ರಮಿಸುತ್ತ ರಾತ್ರಿಯಿಡೀ ಕೂರುವುದು ಇನ್ನೊಂದು. ಹೆರಿಗೆ ಆಸ್ಪತ್ರೆಗೆ ಹೋದಾಗ ಮೊದಲನೆಯದು ನರ್ಸು, ಡಾಕ್ಟರರ ಪಾಲಾಯಿತು. ಎರಡನೆಯದಕ್ಕೆ ವಾರಸುದಾರರು ಸಿಗಲಿಲ್ಲ.

ಹಾಗೆಂದು ಹಿಂದಿನದನ್ನು ಹೊಗಳುತ್ತ ಕೂರುವಂತಿಲ್ಲ. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರ ವೇಳೆಗೆ 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆಗೆ ಇದರಲ್ಲಿ ದೊಡ್ಡ ಪಾಲಿದೆ. ಹೆರಿಗೆಯ ಮೈಲಿಗೆಯನ್ನು ಅನೇಕ ಕಡೆ ಕೆಳಜಾತಿಯ ಹೆಂಗಸಿನ ಕೈಗೆ ದಾಟಿಸಿ, ಮೊರದಲ್ಲಿ ಅಕ್ಕಿ, ಒಂದು ಸೀರೆ ಕೊಟ್ಟು ಕಳಿಸುತ್ತಿದ್ದದ್ದೂ ಅದೇ ಸೂಲಗಿತ್ತಿ ಕಾಲದ ವ್ಯವಸ್ಥೆಯೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ರಾಜ್ಯದ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲಾಗಿದ್ದವು, ಶೇ. 31.5 ಸಿಸೇರಿಯನ್. ಆಗ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ. 47.4, ಸರಕಾರಿ ಆಸ್ಪತ್ರೆಗಳಲ್ಲಿ 14.3 ಇತ್ತು. ಆಸ್ಪತ್ರೆಗೆ ಕರೆತರುವ ಕೆಲಸ ಮುಗಿಯಿತು. ಒಳಗೆ ಆಕೆಗೆ ಏನಾಗುತ್ತದೆಂಬುದು ಈಗ ಕೇಳಬೇಕಾದ ಪ್ರಶ್ನೆ.

ಕೇಂದ್ರ ಸರಕಾರ 2016ರ ಫೆಬ್ರುವರಿಯಲ್ಲೇ ಸಾರ್ವಜನಿಕ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಮಾರ್ಗಸೂಚಿ ಹೊರಡಿಸಿತು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮವೂ ಅದನ್ನು ಒತ್ತಿ ಹೇಳಿತು. ಜೊತೆಗಾತಿ ತಾನೂ ಹೆತ್ತವಳಾಗಿರಬೇಕು, ಅಂಟುರೋಗ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು ಎಂಬಂಥ ಷರತ್ತುಗಳಿವೆ. ತಮಿಳುನಾಡು 2004ರಲ್ಲೇ ಇಂಥ ಯೋಜನೆ ತಂದಿತ್ತು. ಇದು ಜಾರಿಯಾಗುವುದು ಬಿಡುವುದು ಕೊನೆಗೆ ಪರದೆಯ ಮೇಲೆ ನಿಂತಿದೆ: ಎರಡು ಹೆರಿಗೆ ಮೇಜುಗಳ ನಡುವೆ ಮರೆಯಿಲ್ಲದಿದ್ದರೆ ಒಬ್ಬಳ ತಾಯಿ ಅಲ್ಲಿರುವುದು ಇನ್ನೊಬ್ಬಳಿಗೆ ಮುಜುಗರವಾಗುತ್ತದೆ, ಅಧಿಕಾರಿಗೆ ಬಾಗಿಲು ಮುಚ್ಚಲು ಸಕಾರಣ ಸಿಗುತ್ತದೆ. ಆಶಾ ಕಾರ್ಯಕರ್ತೆ ಇದ್ದಾಳಲ್ಲ ಎನ್ನಬಹುದು. ಜನನಿ ಸುರಕ್ಷಾ ಯೋಜನೆಯ ಪ್ರಕಾರ ಆಕೆ ಗರ್ಭಿಣಿಯನ್ನು ಕರೆತಂದು ಮನೆಗೆ ಕಳಿಸುವ ತನಕ ಇರಬೇಕಾದವಳು. ಊರಿನವಳು, ಪರಿಚಿತಳು, ನಿಜ. ಆದರೆ ಪ್ರೋತ್ಸಾಹಧನ ಇಲಾಖೆಯಿಂದ ಬರುತ್ತದೆ, ನಾಳೆ ಅದೇ ಸಿಸ್ಟರ್ ಎದುರು ನಿಲ್ಲಬೇಕಾಗುತ್ತದೆ. ಬೈಯುವ ನರ್ಸಿನ ಮಾತಿಗೆ ಅಡ್ಡ ಬರಲು ಆಕೆಗೆ ಎಷ್ಟು ಆಸ್ಪದವಿದೆ?

ಬೆಂಗಳೂರಿನಂಥ ಊರಲ್ಲಿ ಹಣ ತೆತ್ತು ಗೊತ್ತುಮಾಡಿಕೊಳ್ಳುವ ಡೂಲಾ ಈ ಬಿಕ್ಕಟ್ಟಿನಿಂದ ಒಂದಷ್ಟು ಪಾರಾಗಿದ್ದಾಳೆ. 1992ರಲ್ಲಿ ಕ್ಲಾಸ್, ಕೆನೆಲ್, ಪೆನ್ನಿ ಸಿಮ್ಕಿನ್ ಮೊದಲಾದವರು ಕಟ್ಟಿದ ಡೋನಾ ಸಂಸ್ಥೆ ಈ ಕಸುಬಿಗೆ ಹಾಕಿದ ಗೆರೆ ಸ್ಪಷ್ಟ: ಬಿಪಿ ನೋಡುವುದು, ಒಳಪರೀಕ್ಷೆ ಮಾಡುವುದು, ಮಗುವಿನ ಎದೆಬಡಿತ ಕೇಳುವುದು ಡೂಲಾ ಕೆಲಸವಲ್ಲ; ಹೆರುವವಳ ಪರವಾಗಿ ತೀರ್ಮಾನ ಹೇಳುವುದೂ ಅಲ್ಲ. ಕಲಿಯುವವಳು ನೋವಿನ ಹಂತಗಳನ್ನು, ಕುಕ್ಕರಗಾಲಲ್ಲಿ ಕೂರಿಸುವ, ಮಗ್ಗುಲು ಬದಲಿಸುವ ಬಗೆಗಳನ್ನು, ಮೊಲೆಯೂಡಿಸಲು ನೆರವಾಗುವುದನ್ನು ಅರಿಯುತ್ತಾಳೆ; ನಿಜವಾದ ಹೆರಿಗೆಗಳಲ್ಲಿ ಕೂತ ಮೇಲೇ ಪ್ರಮಾಣಪತ್ರ. ಹೊತ್ತುಗೊತ್ತಿಲ್ಲದ ಕರೆಗೆ ಓಗೊಡುವುದು, ತಾನು ಬಾರದಾದರೆ ಬದಲಿ ಇಡುವುದು ಈ ಕಸುಬಿನ ದಿನನಿತ್ಯದ ಕಷ್ಟ. ಆದರೆ ಇದು ದುಡ್ಡಿದ್ದವರ ಸೌಕರ್ಯವಾಗಿ ಉಳಿದರೆ ಶೇ. 97ರ ಲೆಕ್ಕಕ್ಕೆ ತಾಕುವುದೇ ಇಲ್ಲ.

ನನಗೆ ಹೆಚ್ಚು ದಾರಿ ತೋರುವುದು ನ್ಯೂಜೆರ್ಸಿಯಲ್ಲಿ ಬಡ ಹೆಂಗಸರ ನಡುವೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ. ಬಸುರಿ ತಾನೇ ಆರಿಸಿದ ಗೆಳತಿಗೆ ಎರಡೆರಡು ಗಂಟೆಯ ಎರಡು ಪಾಠ, ಅಷ್ಟೆ. ಸಿಸೇರಿಯನ್ ಇಳಿಯಲಿಲ್ಲ, ಹೆರಿಗೆಯ ಹೊತ್ತು ಮಾತ್ರ ಒಂದು ಗಂಟೆಗೂ ಹೆಚ್ಚು ತಗ್ಗಿತು. ಪ್ರತಿ ತಿಂಗಳು 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಬರುವ ಬಸುರಿಯರ ಜೊತೆ ಹೇಗೂ ಒಬ್ಬ ಹೆಂಗಸು ಬಂದಿರುತ್ತಾಳೆ; ಈ ಪಾಠ ಅಲ್ಲೇ ನಡೆಯಬಹುದು. ಯಾರಿಗೆ ಪಾಠ ಎಂಬುದು ಮಾತ್ರ ಮೊದಲೇ ಇತ್ಯರ್ಥವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಹೇಳುವುದು ಹೆರುವವಳು ಬಯಸಿದ ಜೊತೆಯ ಬಗ್ಗೆ. ನಮ್ಮಲ್ಲಿ ಒಳಗೆ ಹೋಗುವವರನ್ನು ಅತ್ತೆಯೋ ಗಂಡನೋ ತೀರ್ಮಾನಿಸುವುದೇ ಹೆಚ್ಚು. ಹಾಗಾಗಿ ತೂಕ ನೋಡುವ ಹೊತ್ತಿನಲ್ಲಿ, ಮನೆಯವರ ಕಿವಿಗೆ ಬೀಳದಂತೆ ಆಕೆಯನ್ನೇ ಕೇಳಿ, ಹೆಸರನ್ನು ತಾಯಿ ಕಾರ್ಡಿನಲ್ಲಿ ಬರೆದಿಡಬೇಕು.