ಹುಸೇನ್ ಖಾನರ ಲೆಕ್ಕ

1897ರ ಆಗಸ್ಟ್ ತಿಂಗಳು. ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಗಳಿಗೆ ಮೈಯೊಡ್ಡಿದ್ದರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ. ಅಂಥ ಸೊಳ್ಳೆಯೊಂದರ ಹೊಟ್ಟೆಯಲ್ಲಿ ಆಗಸ್ಟ್ 20ರಂದು ರೋಗಾಣುವನ್ನು ಕಂಡ ಡಾಕ್ಟರ್ ರೊನಾಲ್ಡ್ ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹುಸೇನ್ ಖಾನರ ಹೆಸರು ಚರಿತ್ರೆಯ ಅಂಚಿನಲ್ಲಿ ಉಳಿಯಿತು.

ರಾಸ್ ಅವರಿಗೆ ಗಣಿತದ ಹುಚ್ಚೂ ಇತ್ತು. ಮಲೇರಿಯಾ ತೊಲಗಲು ಊರಿನ ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನೇ ಕುಂದುತ್ತದೆ ಎಂದು 1908ರ ಮಾರಿಷಸ್ ವರದಿಯಲ್ಲೂ 1911ರ ತಮ್ಮ ಗ್ರಂಥದಲ್ಲೂ ಲೆಕ್ಕ ಹಾಕಿ ತೋರಿಸಿದರು. ಆ ಸಮೀಕರಣದಲ್ಲಿ ಇಷ್ಟು ಜನ, ಇಷ್ಟು ರೋಗಿಗಳು, ಇಷ್ಟು ಸೊಳ್ಳೆಗಳು ಇದ್ದವು. ಹುಸೇನ್ ಖಾನ್ ಅಲ್ಲಿ ಒಂದು ಅಂಕಿಯಾದರು.

ಈ ದಾರಿಯಲ್ಲೇ ಮುಂದೆ ನಡೆದವರು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್. ಮೆಕೆಂಡ್ರಿಕ್ ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದವರು. ಕೆರ್ಮ್ಯಾಕ್ ಪ್ರಯೋಗಾಲಯದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡವರು. 1927ರಲ್ಲಿ ಅವರು ಜನರನ್ನು ಮೂರು ಪಾಲು ಮಾಡಿದರು: ರೋಗ ತಗಲಬಹುದಾದವರು, ತಗಲಿದವರು, ಗುಣವಾಗಿಯೋ ಸತ್ತೋ ಲೆಕ್ಕದಿಂದ ಹೊರಬಿದ್ದವರು. ತಮ್ಮ ಸೂತ್ರವನ್ನು ಒರೆಗೆ ಹಚ್ಚಲು ಅವರು ಆರಿಸಿಕೊಂಡದ್ದು 1905ರ ಡಿಸೆಂಬರ್‌ನಿಂದ 1906ರ ಜುಲೈವರೆಗೆ ಮುಂಬಯಿಯಲ್ಲಿ ಪ್ಲೇಗಿಗೆ ಬಲಿಯಾದವರ ವಾರವಾರದ ಲೆಕ್ಕವನ್ನು. ಸಾವಿನ ಏರಿಳಿತ ಸೂತ್ರದ ಗೆರೆಗೆ ಚೆನ್ನಾಗಿಯೇ ಹೊಂದಿತು. ಆದರೆ ಈ ಸೂತ್ರ ಎಲ್ಲರೂ ಎಲ್ಲರೊಡನೆ ಸಮನಾಗಿ ಬೆರೆಯುತ್ತಾರೆಂದು ನಂಬಿ ಹೊರಡುತ್ತದೆ. ಚಾಳಿನ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವುದನ್ನೂ ಬಂಗಲೆಯಲ್ಲಿ ಇಬ್ಬರೇ ಇರುವುದನ್ನೂ ಅದು ಕಾಣದು.

ಇನ್ನೊಂದು ದಾರಿ ಕೆಳಗಿನಿಂದ ಹೊರಡುತ್ತದೆ. 1969 ಮತ್ತು 1971ರ ಲೇಖನಗಳಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅದನ್ನು ಜನಪ್ರಿಯಗೊಳಿಸಿದರು. ಚದುರಂಗದಂಥ ಹಲಗೆಯ ಮೇಲೆ ಎರಡು ಬಗೆಯ ನಾಣ್ಯಗಳನ್ನು ಬೆರೆಸಿ ಹರಡಿ, ಕೆಲವು ಮನೆಗಳನ್ನು ಖಾಲಿ ಬಿಡಿ. ಪ್ರತಿ ನಾಣ್ಯಕ್ಕೂ ಒಂದೇ ನಿಯಮ: ಅಕ್ಕಪಕ್ಕದವರಲ್ಲಿ ಮೂರರಲ್ಲಿ ಒಂದು ಪಾಲಾದರೂ ನನ್ನಂಥವರಿರಲಿ, ಇಲ್ಲದಿದ್ದರೆ ಬೇರೆ ಖಾಲಿ ಮನೆಗೆ ಹೋಗುತ್ತೇನೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಆದರೂ ಕೆಲವು ಸುತ್ತುಗಳಲ್ಲಿ ಹಲಗೆ ಎರಡು ಬಗೆಯ ಮೊಹಲ್ಲಾಗಳಾಗಿ ಒಡೆಯುತ್ತದೆ. ಇಂಥದೇ ಹಲಗೆಯಾಟವನ್ನು ಜೇಮ್ಸ್ ಸಕೋಡ 1949ರ ತಮ್ಮ ಪ್ರಬಂಧದಲ್ಲೇ ಯೋಚಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಕಾರಣಕ್ಕೆ ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿದ ತನ್ನದೇ ಪ್ರಜೆಗಳಲ್ಲಿ ಅವರೂ ಒಬ್ಬರು.

ಇದನ್ನೇ ಈಗ ಏಜೆಂಟ್ ಆಧಾರಿತ ಮಾದರಿ ಎನ್ನುತ್ತಾರೆ. ಇಲ್ಲಿ ಏಜೆಂಟ್ ಎಂದರೆ ವಿಮೆ ಮಾರುವವನಲ್ಲ. ತನ್ನ ಸುತ್ತಮುತ್ತ ನೋಡಿ ತಾನೇ ತೀರ್ಮಾನಿಸುವವನು.

ನಮ್ಮ ತಕರಾರು ಇರುವುದು ಇಲ್ಲಿಯೇ. ಬಾಡಿಗೆ ಮನೆ ಕೇಳಿಕೊಂಡು ಹೋಗಿ, ಹೆಸರು ಹೇಳಿದೊಡನೆ ‘ನಿನ್ನೆಯೇ ಕೊಟ್ಟುಬಿಟ್ಟೆವಲ್ಲ’ ಎಂಬ ಮಾತು ಕೇಳಿ ಮರಳಿದವರು ನಾವು. ಶೆಲ್ಲಿಂಗರ ಹಲಗೆಯಲ್ಲಿ ಖಾಲಿ ಮನೆ ಯಾರ ಹೆಸರನ್ನೂ ಕೇಳುವುದಿಲ್ಲ. ಅಮೆರಿಕದಲ್ಲೇ 1930ರ ದಶಕದ ಸರಕಾರಿ ನಕ್ಷೆಗಳು ಕರಿಯರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದವು. ಅಂಥಲ್ಲಿ ಮನೆಸಾಲ ಸಿಗುವುದು ದುಸ್ತರವಾಗಿತ್ತು. ವಸತಿಯಲ್ಲಿ ಭೇದ ಮಾಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ. ಸಣ್ಣ ಒಲವೇ ದೊಡ್ಡ ಬಿರುಕಿಗೆ ಸಾಕಾಗಬಹುದು ಎಂದಷ್ಟೇ ನಾಣ್ಯಗಳು ಹೇಳುತ್ತವೆ. ಬಿರುಕು ಬಿಟ್ಟದ್ದು ಅದರಿಂದಲೇ ಎಂದಲ್ಲ. ಹಾಗೆ ಓದಿದರೆ ಬಾಗಿಲು ಮುಚ್ಚಿದವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ಆದರೆ ‘ನಮ್ಮವರ ನಡುವೆಯೇ ಇರೋಣ’ ಎಂಬ ನಮ್ಮ ನೆಮ್ಮದಿಗೂ ಒಂದು ಬೆಲೆಯಿದೆ ಎಂಬ ಪಾಠವನ್ನು ನಾವು ತಳ್ಳಿಹಾಕುವಂತಿಲ್ಲ.

2020ರಲ್ಲಿ ಕೊರೋನಾ ಬಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಪ್ಯೂಟರಿನೊಳಗೆ ಈ ಎರಡೂ ನಗರಗಳನ್ನು ಕಟ್ಟಿದರು. ಅಲ್ಲಿ ಪ್ರತಿಯೊಬ್ಬನಿಗೂ ಮನೆಯಿತ್ತು, ಹಲವರಿಗೆ ಶಾಲೆಯೋ ಕೆಲಸದ ಜಾಗವೋ ಇತ್ತು. ಮುಂಬಯಿಯ ಕೊಳೆಗೇರಿಗಳ ಇಕ್ಕಟ್ಟಿಗೂ ಲೆಕ್ಕವಿತ್ತು. ಹುಸೇನ್ ಖಾನರಿಗೆ ಮತ್ತೆ ಮನೆ ಸಿಕ್ಕಿದಂತಾಯಿತು. ಆದರೆ ಇದಕ್ಕೆ ಅಪಾರ ಮಾಹಿತಿ ಬೇಕು. ಯಾರು ಯಾರನ್ನು ಎಷ್ಟು ಸಲ ಭೇಟಿಯಾಗುತ್ತಾರೆ ಎಂಬುದು ತಿಳಿಯದಿದ್ದಲ್ಲಿ ಊಹೆ ಬೆರೆಸಬೇಕು. ಊಹೆ ತಪ್ಪಿದರೆ ಊರೇ ತಪ್ಪುತ್ತದೆ. ಸಮೀಕರಣವಾದರೋ ಒಂದು ಪುಟದ್ದು. ತಪ್ಪಿದ್ದರೆ ಬಲ್ಲವರು ಬೇಗ ಕೈಯಿಟ್ಟು ತೋರಿಸಬಹುದು.

ಹಾಗಾಗಿ ಎರಡೂ ಬೇಕು. ರೋಗದ ಅಲೆ ಎಷ್ಟು ಎತ್ತರ ಏರೀತು ಎಂದು ಕೇಳುವಾಗ ಸಮೀಕರಣ ಸಾಕಾಗಬಹುದು. ಆ ಅಲೆ ಯಾರ ಮನೆಯನ್ನು ಮೊದಲು ಮುಳುಗಿಸೀತು ಎಂದು ಕೇಳಬೇಕಾದರೆ ಮನೆಮನೆಯ ಲೆಕ್ಕಕ್ಕೇ ಇಳಿಯಬೇಕು. ಉರ್ದುವಿನಲ್ಲಿ ನೆರೆಯವರಿಗೆ ‘ಹಮ್‌ಸಾಯಾ’ ಎನ್ನುತ್ತೇವೆ, ಒಂದೇ ನೆರಳಲ್ಲಿರುವವರು ಎಂದರ್ಥ. ನಮ್ಮ ನೆರಳಲ್ಲಿ ಇರುವವರು ಯಾರು, ಯಾರಿಗೆ ಅಲ್ಲಿ ಜಾಗ ಸಿಗಲಿಲ್ಲ ಎಂಬುದನ್ನು ಲೆಕ್ಕ ಹಾಕುವವರೂ ಕೇಳಬೇಕು, ನಾವೂ ಕೇಳಿಕೊಳ್ಳಬೇಕು.