ಜಿಯೊಲೈಟ್
ಗ್ರೀಕ್ ಮೂಲದ ಈ ಪದಕ್ಕೆ ‘ಕುದಿಯುವ ಕಲ್ಲು’ ಎಂದರ್ಥ; 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರೊನ್‌ಸ್ಟೆಟ್ ಖನಿಜವೊಂದನ್ನು ಊದುಗೊಳವೆಯ ಜ್ವಾಲೆಗೆ ಹಿಡಿದಾಗ, ಒಳಗಿನ ನೀರು ಆವಿಯಾಗಿ ಕಲ್ಲೇ ನೊರೆಯುಕ್ಕಿದಂತೆ ಕಂಡದ್ದರಿಂದ ಆತ ಈ ಹೆಸರಿಟ್ಟನು. ಈ ಖನಿಜದ ಅಣುಗಾತ್ರದ ರಂಧ್ರಗಳಲ್ಲಿ ಪೆಲ್ಲೇಡಿಯಂ ಅಥವಾ ನಿಕಲ್ ಕಣಗಳನ್ನು ಹುದುಗಿಸಿದರೆ ಅದು ವೇಗವರ್ಧಕ, ಅಂದರೆ ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಆಗುತ್ತದೆ; ಅದರ ಮೇಲೆ ಜಲಜನಕವು ಸಾವಯವ ಸಂಯುಕ್ತದ ಕ್ಲೋರಿನ್ನನ್ನು ಕಿತ್ತು ಆ ಜಾಗ ಹಿಡಿಯುವುದಕ್ಕೆ ‘ಹೈಡ್ರೋಡಿಕ್ಲೋರಿನೇಷನ್’ ಎಂಬ ನಾಲಿಗೆ ತೊಡರುವ ಹೆಸರಿದೆ. ಕಾಳಿ ದಂಡೆಯ ಕಾಗದದ ಊರಾದ ದಾಂಡೇಲಿಯವರಿಗೆ ಇದು ದೂರದ ವಿಷಯವಲ್ಲ, ಏಕೆಂದರೆ ಬಿದಿರಿನ ಅಥವಾ ಮರದ ತಿರುಳನ್ನು ಕ್ಲೋರಿನ್ ಅನಿಲದಿಂದ ಬಿಳುಪುಗೊಳಿಸಿದರೆ, ನಾರುಗಳನ್ನು ಬೆಸೆಯುವ ಲಿಗ್ನಿನ್ ಅಂಥ ಕ್ಲೋರಿನ್‌ಯುಕ್ತ ಸಾವಯವ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಹೈಡ್ರೋಡಿಕ್ಲೋರಿನೇಷನ್ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಕ್ಲೋರೈಡ್ ಲೋಹದ ಕಣಗಳನ್ನೇ ಕೆಡಿಸಬಲ್ಲದಾದ್ದರಿಂದ, ಕ್ಲೋರಿನ್ ಅನಿಲದ ಬದಲು ಆಮ್ಲಜನಕ, ಕ್ಲೋರಿನ್ ಡೈಆಕ್ಸೈಡ್‌ಗಳಿಂದ ಬಿಳುಪುಗೊಳಿಸಿ ಈ ಸಂಯುಕ್ತಗಳನ್ನು ಮೊದಲೇ ತಗ್ಗಿಸುವುದೇ ಮೇಲು.