ನೀರುಕೋವಿಯ ಬಲ ಎಲ್ಲಿ ಅಡಗಿದೆ

ಆಟಿಕೆಯ ನೀರುಕೋವಿಯನ್ನು ಬಿಚ್ಚಿದರೆ ಒಳಗೆ ಹೆಚ್ಚೇನೂ ಸಿಗುವುದಿಲ್ಲ. ನೀರನ್ನು ಎಳೆದು ತಳ್ಳುವ ಒಂದು ಪಂಪು, ಹೋದ ನೀರು ಹಿಂದಕ್ಕೆ ಬಾರದಂತೆ ತಡೆಯುವ ಒಂದೆರಡು ವಾಲ್ವು, ಒತ್ತಡ ಕೂಡಿಡಲು ಒಂದು ಜಾಗ, ಕೊನೆಯಲ್ಲಿ ಒಂದು ತೂತು. ಈ ನಾಲ್ಕರಲ್ಲಿ ಮೂರನೆಯದು ಬೆಳೆದ ಬಗೆಯೇ ಈ ವಿದ್ಯೆಯ ಇತಿಹಾಸ. ಕೈಯ ಬಲವನ್ನು ಎಲ್ಲಿ ಕೂಡಿಡಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳಲ್ಲಿ ಹಲವು ಕಾರ್ಖಾನೆಗೆ ಹೋಗುವ ಮೊದಲು ಮನೆಯ ಜಗಲಿಯಲ್ಲಿ, ತೋಟದ ಬದಿಯಲ್ಲಿ, ಬಚ್ಚಲುಮನೆಯಲ್ಲಿ ಹುಟ್ಟಿದವು. ಮನೆಯಲ್ಲೇ ಬಿಡಿಭಾಗ ಮಾಡಿಕೊಂಡು ನೀರುಕೋವಿಯ ಬಲ ಹೆಚ್ಚಿಸುವವರನ್ನು ನಾನು ಗೌರವದಿಂದ ನೋಡುವುದು ಆ ಕಾರಣಕ್ಕೆ.

ನೀರು ಚಿಮ್ಮಿಸುವ ಆಟ ನಮ್ಮಲ್ಲಿ ಬಹಳ ಹಳೆಯದು. ನರ್ಮದೆಯ ದಡದಲ್ಲಿ ಇಮ್ಮಡಿ ಪುಲಕೇಶಿ ತಡೆದು ನಿಲ್ಲಿಸಿದ ಹರ್ಷನ ಹೆಸರಿನಲ್ಲಿರುವ ‘ರತ್ನಾವಳಿ’ ನಾಟಕದ ವಸಂತೋತ್ಸವದಲ್ಲಿ ಜನ ಶೃಂಗಕವೆಂಬ ಜೀರ್ಕೊಳವೆ ಹಿಡಿದು ಒಬ್ಬರ ಮೇಲೊಬ್ಬರು ನೀರೆರಚುತ್ತಾರೆ. ಅದು ಏಳನೆಯ ಶತಮಾನದ ಮಾತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರ ನೋಡಿದ ಇಟಲಿಯ ನಿಕೊಲೊ ಕೊಂಟಿ, ದಾರಿಯ ಬದಿಯಲ್ಲಿ ಕೇಸರಿ ನೀರು ಇಟ್ಟುಕೊಂಡು ಹೋಗಿಬರುವವರ ಮೇಲೆಲ್ಲ, ರಾಜ ರಾಣಿಯರ ಮೇಲೂ, ಚಿಮುಕಿಸುತ್ತಿದ್ದ ಹಬ್ಬವನ್ನು ಬಣ್ಣಿಸಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಜೀರ್ಕೊಳವೆ ಹಿಡಿದ ಹೆಂಗಸರನ್ನು ಇಂದಿಗೂ ನೋಡಬಹುದು. ಕೇರಳದಲ್ಲಿ ಹೋಳಿ ಇಲ್ಲ ಎನ್ನುವವರು ಕೊಚ್ಚಿಗೆ ಬರಬೇಕು. ಅಲ್ಲಿನ ಗೋಶ್ರೀಪುರಂ ತಿರುಮಲ ದೇವಸ್ಥಾನದ ಸುತ್ತ ಕೊಂಕಣಿ ಮಾತಾಡುವವರು ‘ಉಕ್ಕುಳಿ’ ಆಡುತ್ತಾರೆ, ಮಲೆಯಾಳಿಗರ ಬಾಯಲ್ಲಿ ಅದು ಮಂಜಳ್ ಕುಳಿ, ಅರಸಿನ ನೀರಿನ ಓಕುಳಿ. ಕೊಚ್ಚಿಯ ಹೊರವಲಯದ ಕಾಕ್ಕನಾಡಿನ ಐಟಿ ಪಾರ್ಕುಗಳಿಗೆ ಉತ್ತರದಿಂದ, ಕರ್ನಾಟಕದಿಂದ ಬಂದ ಸಂಸಾರಗಳು ಫ್ಲ್ಯಾಟಿನ ಅಂಗಳದಲ್ಲಿ ಪ್ಲಾಸ್ಟಿಕ್ ಪಿಚಕಾರಿ ಹಿಡಿದು ಆಡುವ ಹೋಳಿ ಈಚಿನದು. ಉಕ್ಕುಳಿ ಅದಕ್ಕಿಂತ ಬಹಳ ಹಿಂದಿನದು.

ಹಳೆಯ ಕೊಳವೆಗಳಲ್ಲಿ ಒತ್ತಡ ಕೂಡಿಡುವ ಜಾಗ ಇರಲೇ ಇಲ್ಲ. ಕೇರಳದ ಮಕ್ಕಳ ಪೀಚ್ಚಾಂಕುೞಲ್ ಆಗಲಿ, ನಮ್ಮ ಕಡೆಯ ಬಿದಿರಿನ ಜೀರ್ಕೊಳವೆಯಾಗಲಿ, ಒಂದು ಗಿಣ್ಣು ಉಳಿಸಿ ಕತ್ತರಿಸಿದ ಬಿದಿರಿನ ತುಂಡು ಅಷ್ಟೆ. ಗಿಣ್ಣಿಗೆ ಸಣ್ಣ ತೂತು, ಒಳಗೆ ಬಟ್ಟೆ ಸುತ್ತಿದ ಕೋಲು. ಕೈ ತಳ್ಳಿದಷ್ಟು ಹೊತ್ತು ನೀರು, ಕೈ ನಿಂತರೆ ನೀರೂ ನಿಂತಿತು. ಆದರೂ ಸುಧಾರಣೆ ಇಲ್ಲಿಂದಲೇ ಶುರುವಾಗಿತ್ತು. ಬಟ್ಟೆಯನ್ನು ಎಷ್ಟು ಬಿಗಿಯಾಗಿ ಸುತ್ತಬೇಕು, ಎಣ್ಣೆ ಎಷ್ಟು ಹಚ್ಚಬೇಕು, ತೂತು ಎಷ್ಟು ದೊಡ್ಡದಿರಬೇಕು ಎಂದು ಮಕ್ಕಳು ತಾವೇ ಮಾಡಿ ನೋಡಿ ಕಲಿತರು. ಗಿಣ್ಣುಗಳ ನಡುವೆ ಉದ್ದ ಅಂತರವಿರುವ ತೆಳು ಗೋಡೆಯ ವಾಟೆಬಿದಿರು ಸಿಕ್ಕರೆ ಹೆಚ್ಚು ನೀರು ಹಿಡಿಯುತ್ತಿತ್ತು.

ನೀರನ್ನು ಎತ್ತರಕ್ಕೆ ಹಾರಿಸುವ ಗಂಭೀರ ಅಭ್ಯಾಸ ನಮಗೆ ಬಂದದ್ದು ಅಡಿಕೆ ತೋಟದಿಂದ. ಆಟಿಕೆಯ ಕಥೆಯಲ್ಲಿ ಇದೇಕೆ ಎಂದು ಕೇಳಬಹುದು. ಕಾಸರಗೋಡು, ಪುತ್ತೂರು, ಶಿರಸಿ, ತೀರ್ಥಹಳ್ಳಿಯ ಹುಡುಗರು ವಾಷರು, ನಾಝಲು, ಲೀಕು ಎಂಬ ಮಾತುಗಳನ್ನು ಕಲಿತದ್ದು ಅಲ್ಲಿಯೇ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಹಿಂದೆ ಗೊನೆಗಳಿಗೆ ಮಳೆ ತಡೆಯುವ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಸಿದ್ಧವಾದರೂ ಅದನ್ನು ಮರದ ತುದಿಗೆ ಮುಟ್ಟಿಸುವ ತೊಡಕು ಉಳಿಯಿತು. ಅದಕ್ಕೆ ಬಂದದ್ದು ಗಟಾರ್ ಪಂಪು. ನೆಲದಲ್ಲಿ ನಿಂತವನು ಉದ್ದ ಹಿಡಿಯನ್ನು ಹಿಂದೆ ಮುಂದೆ ತೂಗುತ್ತಾನೆ, ಮರದಲ್ಲಿರುವವನು ಪೈಪು ಹಿಡಿದು ಗೊನೆಗೆ ಮದ್ದು ಬಿಡುತ್ತಾನೆ. ಈ ಬಗೆಯ ಪಂಪು ಚದರ ಸೆಂಟಿಮೀಟರಿಗೆ 14ರಿಂದ 18 ಕೆ.ಜಿ.ವರೆಗೂ ಒತ್ತಡ ಏರಿಸಬಲ್ಲದು. ಅದರ ಹೊಟ್ಟೆಯಲ್ಲಿ ಗಾಳಿ ತುಂಬಿದ ಒಂದು ಕೋಣೆ ಇದೆ. ಹಿಡಿಯ ಒಂದೊಂದು ತೂಗಿಗೂ ನುಗ್ಗಿದ ನೀರು ಆ ಗಾಳಿಯನ್ನು ಒತ್ತಿ ಹಿಡಿಯುತ್ತದೆ, ಕೈ ಹಿಂದಕ್ಕೆ ಬರುವ ಕ್ಷಣದಲ್ಲಿ ಗಾಳಿ ನೀರನ್ನು ತಳ್ಳುತ್ತದೆ. ಹೀಗಾಗಿ ಧಾರೆ ಕಡಿಯುವುದಿಲ್ಲ. ಯುರೋಪಿನ ಬೆಂಕಿ ಆರಿಸುವ ಪಂಪುಗಳಲ್ಲಿ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲೇ ಬೇರೂರಿದ ಉಪಾಯ ಇದು. ಈಗ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತದೆಯೇ ಮದ್ದು ಬಿಡುವ ಕಾಲ ಬಂದಿದೆ. ನಾಝಲಿನ ತೂತನ್ನು ಹಿಗ್ಗಿಸಿ ಕುಗ್ಗಿಸಿ ನೋಡುವ ಕೃಷಿಕರ ಚಾಳಿ ಮಾತ್ರ ನಿಂತಿಲ್ಲ.

ಅಂಗಡಿಯ ಆಟಿಕೆಗಳಲ್ಲಿ ಈ ಗಾಳಿಕೋಣೆ ಬಹಳ ತಡವಾಗಿ ಕಾಣಿಸಿಕೊಂಡಿತು. ರಬ್ಬರ್ ಬುರುಡೆ ಹಿಂಡುವ ಪಿಸ್ತೂಲುಗಳೂ ಆಮೇಲೆ ಬಂದ ಪ್ಲಾಸ್ಟಿಕ್ ಟ್ರಿಗರ್ ಪಿಸ್ತೂಲುಗಳೂ ಬಿದಿರಿನ ಕೊಳವೆಗಿಂತ ಮುಂದೆ ಹೋಗಲಿಲ್ಲ, ಬೆರಳಿನ ಬಲ ಎಷ್ಟೋ ಅಷ್ಟೇ. ತಿರುವು ಬಂದದ್ದು 1982ರಲ್ಲಿ. ಅಮೆರಿಕದ ಎಂಜಿನಿಯರ್ ಲಾನಿ ಜಾನ್ಸನ್ ನೀರಿನಿಂದ ನಡೆಯುವ ಒಂದು ಶಾಖದ ಪಂಪಿನ ಪ್ರಯೋಗದಲ್ಲಿದ್ದಾಗ ಮನೆಯ ಬಚ್ಚಲಿನಲ್ಲಿ ಅವರ ನಾಝಲಿನಿಂದ ನೀರು ರಭಸವಾಗಿ ಚಿಮ್ಮಿತು. ಗುರು ಗ್ರಹದ ಗೆಲಿಲಿಯೊ ಯಾನಕ್ಕೆ ದುಡಿದ ಈ ಮನುಷ್ಯ ಪಿವಿಸಿ ಪೈಪು, ಅಕ್ರಿಲಿಕ್, ಖಾಲಿ ಸೋಡಾ ಬಾಟಲಿ ಸೇರಿಸಿ ತಮ್ಮ ಮೊದಲ ಮಾದರಿ ಕಟ್ಟಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು. ಲರಾಮಿ ಎಂಬ ಕಂಪನಿ 1990ರಲ್ಲಿ ‘ಪವರ್ ಡ್ರೆಂಚರ್’ ಎಂದು ಅದನ್ನು ಮಾರಿತು, ಮರುವರ್ಷ ಹೆಸರು ‘ಸೂಪರ್ ಸೋಕರ್’ ಆಯಿತು. ಆ ಒಂದೇ ವರ್ಷದ ಮಾರಾಟ ಸುಮಾರು 20 ಕೋಟಿ ಡಾಲರ್. ಬಾಕಿ ರಾಯಧನಕ್ಕಾಗಿ, ಲರಾಮಿ ಮುಂದೆ ಸೇರಿದ ಹ್ಯಾಸ್‌ಬ್ರೊ ಕಂಪನಿಯ ವಿರುದ್ಧ ಹೋರಾಡಿ ಜಾನ್ಸನ್ 2013ರಲ್ಲಿ 7.29 ಕೋಟಿ ಡಾಲರ್ ಪಡೆದರು. ಜಗತ್ತಿನ ಅತಿ ಪ್ರಸಿದ್ಧ ನೀರುಕೋವಿಯ ಮೊದಲ ರೂಪವೇ ಮನೆಯಲ್ಲಿ ಜೋಡಿಸಿದ್ದು ಎಂಬುದನ್ನು ಮನೆಯಲ್ಲೇ ಕೋವಿ ತಿದ್ದುವವರು ಮರೆಯಬಾರದು.

ಗಾಳಿಯಲ್ಲಿ ಒತ್ತಡ ಕೂಡಿಡುವುದಕ್ಕೆ ಒಂದು ದೊಡ್ಡ ಕೊರತೆ ಇದೆ. ಒಂದು ಲೀಟರಿನ ಟ್ಯಾಂಕಿನ ಮೂರನೇ ಒಂದು ಭಾಗ ಗಾಳಿ, ಉಳಿದದ್ದು ನೀರು ಎನ್ನಿ. ಗಾಳಿಯ ಒತ್ತಡ ವಾತಾವರಣದ ಮೂರರಷ್ಟಿದೆ. ನೀರು ಹೋಗುತ್ತ ಹೋಗುತ್ತ ಗಾಳಿ ಮೂರು ಪಟ್ಟು ಹಿಗ್ಗುತ್ತದೆ, ಬಾಯ್ಲ್ 1662ರಲ್ಲಿ ಹೇಳಿದ ನಿಯಮದಂತೆ ಒತ್ತಡ ಮೂರನೇ ಒಂದಕ್ಕೆ ಇಳಿಯುತ್ತದೆ. ಅಂದರೆ ಕೊನೆಯ ಹನಿಯ ಹೊತ್ತಿಗೆ ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ವ್ಯತ್ಯಾಸವೇ ಇಲ್ಲ. ಮೊದಲ ಕ್ಷಣ ಎದುರು ಮನೆಯ ತಾರಸಿ ಮುಟ್ಟಿದ ಧಾರೆ ಕೊನೆಗೆ ಕಾಲಬುಡದಲ್ಲಿ ಬೀಳುತ್ತದೆ.

ಇದಕ್ಕೆ ಪರಿಹಾರ ರಬ್ಬರು. 1996ರ ‘ಸಿಪಿಎಸ್ 2000’ ಎಂಬ ಕೋವಿಯಲ್ಲಿ ಲರಾಮಿಯ ವಿನ್ಯಾಸಕಾರ ಬ್ರೂಸ್ ಡಿ’ಆಂಡ್ರೇಡ್ ಗಾಳಿಯ ಬದಲು ದಪ್ಪ ರಬ್ಬರಿನ ಚೀಲ ಇಟ್ಟರು. ಬಲೂನು ಊದುವಾಗ ಮೊದಲ ಉಸಿರು ಕಷ್ಟ, ಆಮೇಲೆ ಹೆಚ್ಚುಕಡಿಮೆ ಒಂದೇ ಬಲ ಸಾಕು. ಚೀಲ ಖಾಲಿಯಾಗುವವರೆಗೂ ಧಾರೆ ಅದೇ ರಭಸದಲ್ಲಿ ಹೋಗುವುದು ಈ ಗುಣದಿಂದ. ಮನೆಯಲ್ಲಿ ಬಲ ಹೆಚ್ಚಿಸುವ ಹವ್ಯಾಸ ಬೆಳೆಯಲು ಈ ಕೋವಿ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಚೀಲದ ಮೇಲೆ ಸೈಕಲ್ ಟ್ಯೂಬಿನ ಪದರವನ್ನೋ ಬಲೂನಿನ ಪದರವನ್ನೋ ಹಾಕಿದರೆ ಒತ್ತಡ ಏರುತ್ತದೆ. ಕೋವಿಯೇ ಇಲ್ಲದವರು ಪ್ಲಂಬಿಂಗ್ ಅಂಗಡಿಗೆ ಹೋದರು. ಪಿವಿಸಿ ಪೈಪು, ನೀರು ಹಿಂದಕ್ಕೆ ಬಾರದಂತೆ ತಡೆಯುವ ಎರಡು ಎನ್‌ಆರ್‌ವಿ ವಾಲ್ವು, ಒಂದು ಬಾಲ್ ವಾಲ್ವು, ಓ ರಿಂಗು, ಟೆಫ್ಲಾನ್ ಟೇಪು, ಲೇಟೆಕ್ಸ್ ಕೊಳವೆ ಇದ್ದರೆ ಕೋವಿ ಸಿದ್ಧ.

ಬಲ ಹೆಚ್ಚಿಸಹೊರಟವನಿಗೆ ಲೆಕ್ಕ ಗೊತ್ತಿರಬೇಕು. ಚದರ ಸೆಂಟಿಮೀಟರಿಗೆ ಎರಡು ಕೆ.ಜಿ. ಒತ್ತಡದಲ್ಲಿ ನೀರು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗ ಎರಡು ಪಟ್ಟು ಬೇಕಿದ್ದರೆ ಒತ್ತಡ ನಾಲ್ಕು ಪಟ್ಟು ಬೇಕು. ಪಂಪು ಒತ್ತುವ ಕೈಗೆ ಅದು ಸುಲಭವಲ್ಲ. 25 ಮಿ.ಮೀ. ವ್ಯಾಸದ ಪಂಪಿನಲ್ಲಿ ನಾಲ್ಕು ಕೆ.ಜಿ. ಒತ್ತಡ ಎಂದರೆ ಹಿಡಿಯ ಮೇಲೆ ಸುಮಾರು 20 ಕಿಲೋ ಭಾರ, ಮಕ್ಕಳಿಗೆ ಆಗದ ಕೆಲಸ. 20 ಮಿ.ಮೀ. ಪಂಪು ಹಾಕಿದರೆ ಭಾರ ಹದಿಮೂರು ಕಿಲೋಗೆ ಇಳಿಯುತ್ತದೆ, ಆದರೆ ಹೆಚ್ಚು ಸಲ ಒತ್ತಬೇಕು. ನಾಝಲಿನದು ಇನ್ನೊಂದು ಲೆಕ್ಕ. ತೂತಿನ ವ್ಯಾಸ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು ಹೋಗುತ್ತದೆ. 6 ಮಿ.ಮೀ. ತೂತು, ಎರಡು ಕೆ.ಜಿ. ಒತ್ತಡ ಇದ್ದರೆ ಸೆಕೆಂಡಿಗೆ ಅರ್ಧ ಲೀಟರಿಗೂ ಹೆಚ್ಚು. ಎರಡು ಲೀಟರ್ ನೀರು ನಾಲ್ಕು ಸೆಕೆಂಡಿನೊಳಗೆ ಮುಗಿಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಕಾಕ್ಕನಾಡಿನಲ್ಲಿ ದೊಡ್ಡ ನಾಝಲು ಶೋಭೆಯಲ್ಲ. ಅಲ್ಲಿ ಸಣ್ಣ ತೂತಿನ ನೇರ ಧಾರೆಯೇ ಜಾಣತನ.

ದೂರವನ್ನು ನಿಜವಾಗಿ ಕಡಿಮೆ ಮಾಡುವುದು ಒತ್ತಡದ ಕೊರತೆಗಿಂತ ಧಾರೆಯ ಒಡಕು. ಗಾಳಿಯೇ ಇಲ್ಲದಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದ ನೀರು ನಲವತ್ತು ಮೀಟರ್ ದಾಟಬೇಕು. ಒಳ್ಳೆಯ ಕೋವಿಗಳು ಮುಟ್ಟುವುದು ಹದಿನೈದರ ಆಸುಪಾಸು. ತೆಳು ಧಾರೆ ತಾನಾಗಿ ಹನಿಗಳಾಗಿ ಒಡೆಯುತ್ತದೆ, ಅದನ್ನು ಭೌತವಿಜ್ಞಾನಿಗಳಾದ ಪ್ಲಾಟೊ 1873ರಲ್ಲೂ ರೇಲೀ 1878ರಲ್ಲೂ ವಿವರಿಸಿದರು. ಒಡೆದ ಹನಿಯನ್ನು ಗಾಳಿ ಬೇಗ ತಡೆಯುತ್ತದೆ. ಹಾಗಾಗಿ ಅನುಭವಿಗಳು ಪಂಪಿಗಿಂತ ಹೆಚ್ಚು ಹೊತ್ತು ನಾಝಲಿನ ಹಿಂದಿನ ಕೊಳವೆಯ ಮೇಲೆ ಕಳೆಯುತ್ತಾರೆ. ಸ್ಟ್ರಾಗಳ ಕಟ್ಟನ್ನು ಒಳಗೆ ತೂರಿಸಿ ಸುಳಿ ಮುರಿಯುತ್ತಾರೆ, ತೂತಿನ ಅಂಚನ್ನು ಉಜ್ಜಿ ನಯ ಮಾಡುತ್ತಾರೆ. ಅಗ್ಗದಲ್ಲಿ ಆಗುವ, ಅಪಾಯವಿಲ್ಲದ ಸುಧಾರಣೆ ಇದೊಂದೇ. ಹೊಸಬರು ಇಲ್ಲಿಂದಲೇ ಶುರುಮಾಡಲಿ.

ಅಪಾಯದ ಮಾತನ್ನು ಒತ್ತಿ ಹೇಳಬೇಕು. ಕೃಷಿಕರು ‘ಆರು ಕೆ.ಜಿ. ಪೈಪು’ ಎನ್ನುವ ಪಿವಿಸಿಯ ಆ ಅಂಕೆ ನೀರಿನ ಒತ್ತಡಕ್ಕೆ ಕೊಟ್ಟದ್ದು, ಗಾಳಿಗಲ್ಲ. ಒತ್ತಿದ ನೀರಿನಲ್ಲಿ ಶಕ್ತಿ ಹೆಚ್ಚು ಅಡಗುವುದಿಲ್ಲ, ಪೈಪು ಬಿರಿದರೆ ಸೋರಿ ನಿಲ್ಲುತ್ತದೆ. ಒತ್ತಿದ ಗಾಳಿ ಹಾಗಲ್ಲ, ಪಿವಿಸಿಯನ್ನು ಚೂಪಾದ ಚೂರುಗಳಾಗಿ ಸಿಡಿಸುತ್ತದೆ. ಬಿಸಿಲಿನಲ್ಲಿ ಹಳತಾದ ಪೈಪು ಇನ್ನೂ ಕೆಟ್ಟದ್ದು. ಆದ್ದರಿಂದ ಪಿವಿಸಿಯಲ್ಲಿ ಗಾಳಿ ಟ್ಯಾಂಕು ಮಾಡಲೇಬಾರದು. ಬಲ ಹೆಚ್ಚಿಸಿದ ಕೋವಿಯನ್ನು ಹತ್ತಿರದಿಂದ ಯಾರ ಮುಖಕ್ಕೂ ಹಿಡಿಯಬಾರದು, ಆ ವೇಗದ ನೀರು ಕಣ್ಣಿಗೆ ಗಾಯ ಮಾಡುತ್ತದೆ. 2021ರ ಜನವರಿಯಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಬಿಚ್ಚಿ ತಿದ್ದಿದ ಮೇಲೆ ಆ ಗುರುತಿನ ರಕ್ಷಣೆ ಉಳಿಯುವುದಿಲ್ಲ, ಹೊಣೆ ತಿದ್ದಿದವನದು.

ಈಚಿನ ಹಂತ ಬ್ಯಾಟರಿಯದು. ಜರ್ಮನಿಯ ‘ಸ್ಪೈರಾ ಒನ್’ 2018ರಲ್ಲಿ ಬಂದಾಗ ಅದು ನಿರಂತರ ಧಾರೆಯ ಬದಲು ಒಂದೊಂದು ಗುಟುಕು ನೀರನ್ನು ಬಿಡಿಬಿಡಿಯಾಗಿ ಎಸೆಯಿತು. ಮನೆಯಲ್ಲೇ ಕೋವಿ ಕಟ್ಟುವ ನಮ್ಮವರ ದಾರಿ ಬೇರೆ. ಗೊಬ್ಬರದಂಗಡಿಯಲ್ಲಿ ಸಿಗುವ ಬೆನ್ನಿಗೇರಿಸುವ ಬ್ಯಾಟರಿ ಸ್ಪ್ರೇಯರಿನಲ್ಲಿ 12 ವೋಲ್ಟಿನ ಪಂಪಿದೆ, ಆರ್‌ಒ ಫಿಲ್ಟರಿನ ಪಂಪೂ ಅದೇ ಜಾತಿಯದು. ಇವುಗಳ ಒತ್ತಡ ಸಾಕಷ್ಟಿದ್ದರೂ ನಿಮಿಷಕ್ಕೆ ಕೊಡುವ ನೀರು ಕಡಿಮೆ, ನೇರವಾಗಿ ನಾಝಲಿಗೆ ಜೋಡಿಸಿದರೆ ಸಣ್ಣ ಧಾರೆಯಷ್ಟೇ. ಪಂಪಿಗೂ ನಾಝಲಿಗೂ ನಡುವೆ ರಬ್ಬರ್ ಚೀಲ ಇಟ್ಟು ಅದು ತುಂಬುವವರೆಗೆ ಕಾಯಬೇಕು. ಹೀಗೆ ಮೋಟರು ಬಂದರೂ ಕೂಡಿಡುವ ಜಾಗದ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಬಿಡಿಭಾಗ ಮಾಡುವ ಕೈಗಳಿಗೂ ಹೊಸ ಸಲಕರಣೆ ಬಂದಿದೆ. ಅಮೆರಿಕದ ಎಂಐಟಿಯ ಜೊತೆ ಸೇರಿ ಕೇರಳ ಸ್ಟಾರ್ಟಪ್ ಮಿಷನ್ ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಫ್ಯಾಬ್ ಲ್ಯಾಬ್ ತೆರೆದಿದೆ. 2020ರಲ್ಲಿ ಕಾಕ್ಕನಾಡಿಗೆ ಹತ್ತಿರದ ಕಳಮಶ್ಶೇರಿಯಲ್ಲಿ ಸೂಪರ್ ಫ್ಯಾಬ್ ಲ್ಯಾಬೂ ಬಂತು. ಅಂಥ ಕಡೆ ತ್ರೀಡಿ ಪ್ರಿಂಟರಿನಲ್ಲಿ ನಾಝಲಿನ ಒಳವಕ್ರವನ್ನು ಅರ್ಧ ಮಿಲಿಮೀಟರ್ ಬದಲಿಸಿ ಐದಾರು ಮಾದರಿ ಮಾಡಿ ಹೋಲಿಸಬಹುದು, ಹಿಂದೆ ಅದಕ್ಕೆ ಲೇಥ್ ಇರುವ ವರ್ಕ್‌ಶಾಪು ಹುಡುಕಬೇಕಿತ್ತು. ಪ್ರಿಂಟ್ ಮಾಡಿದ ಪ್ಲಾಸ್ಟಿಕ್ಕಿನ ಪದರಗಳ ನಡುವೆ ನೀರು ಜಿನುಗುತ್ತದೆ, ಒತ್ತಡ ತಾಳುವ ಟ್ಯಾಂಕಿಗೆ ಅದು ಒಗ್ಗದು. ನಾಝಲಿಗೂ ಧಾರೆ ನೇರಮಾಡುವ ಜಾಲರಿಗೂ ಮಾತ್ರ ಚೆನ್ನಾಗಿ ಒದಗುತ್ತದೆ, ಮೇಲ್ಮೈಯ ಗೆರೆಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆದರೆ.